ಮೊದಲು ಹಿಡಿತ, ಆಮೇಲೆ ಯಂತ್ರ: ಹವ್ಯಾಸಿಯ ಲೋಹಕೆಲಸದ ಕೋಣೆ

ಹವ್ಯಾಸಕ್ಕಾಗಿ ಲೋಹದ ಕೆಲಸ ಆರಂಭಿಸಬೇಕೆಂದಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ಕೈಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಈಗ ನಿಮ್ಮ ಕೈಯಿಂದ ಕೈಗೆ ದಾಟುತ್ತಿರುವ ಎರಡು ಉಕ್ಕಿನ ತುಂಡುಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಎರಡೂ 25 ಮಿ.ಮೀ. ಅಳತೆಯ ಘನಗಳು, ಎರಡನ್ನೂ ಒಂದೇ ಸರಳಿನಿಂದ ಕತ್ತರಿಸಿ, ಒಂದೇ ಅರದಿಂದ ಉಜ್ಜಿ ಮಾಡಿದ್ದೇನೆ. ಒಂದರ ಮುಖಗಳ ಮೇಲೆ ಉಕ್ಕಿನ ಅಡಿಪಟ್ಟಿಯ ಅಂಚನ್ನು ನಿಲ್ಲಿಸಿ ಬೆಳಕಿಗೆ ಹಿಡಿದರೆ ನಡುವೆ ಮಾತ್ರ ತಾಗುತ್ತದೆ, ಎರಡೂ ತುದಿಗಳಲ್ಲಿ ಬೆಳಕಿನ ಸಣ್ಣ ತ್ರಿಕೋನಗಳು ಕಾಣುತ್ತವೆ. ಅಂದರೆ ಮುಖ ಚಪ್ಪಟೆಯಾಗಿಲ್ಲ, ಬೆನ್ನು ಉಬ್ಬಿದೆ. ಇನ್ನೊಂದರಲ್ಲಿ ಬೆಳಕು ಎಲ್ಲಿಯೂ ನುಸುಳುವುದಿಲ್ಲ. ಮೊದಲನೆಯದು ನಾನು ಈ ಹವ್ಯಾಸಕ್ಕೆ ಇಳಿದ ತಿಂಗಳಲ್ಲಿ ಮಾಡಿದ್ದು, ಎರಡನೆಯದು ಒಂದು ವರ್ಷದ ನಂತರದ್ದು. ಈ ನಡುವೆ ನನ್ನ ಕೈ ಪಳಗಿದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ತುಂಡನ್ನು ಕಚ್ಚಿ ಹಿಡಿಯುವ ನನ್ನ ವೈಸ್ ಅಲುಗಾಡುವುದು ನಿಂತಿತ್ತು. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ: ಲೋಹವನ್ನು ಕತ್ತರಿಸುವ ಸಾಧನಗಳಿಗೆ ಹಣ ಹಾಕುವ ಮೊದಲು ಅದನ್ನು ಕದಲದಂತೆ ಹಿಡಿಯುವ ಮತ್ತು ಸರಿಯಾಗಿ ಅಳೆಯುವ ಸಾಧನಗಳಿಗೆ ಹಾಕಿ.

ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವ ಮಷೀನು ಕೊಳ್ಳಬೇಕೆಂಬುದು. ಆ ಆಸೆ ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನೂ ಹಾಗೆಯೇ ಆರಂಭಿಸಿದೆ. ಮೊದಲ ವಾರವೇ ಗ್ರೈಂಡರ್ ತಂದೆ, ಕತ್ತರಿಸಬೇಕಾದ ಪಟ್ಟಿಯನ್ನು ಚಪ್ಪಲಿ ಕಾಲಿನಲ್ಲಿ ತುಳಿದು ಹಿಡಿದುಕೊಂಡೆ. ಇಂದು ಅದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಆ ದಿನ ಏನೂ ಆಗಲಿಲ್ಲ ಎಂಬುದು ನನ್ನ ಅದೃಷ್ಟ, ಆದರೆ ಕತ್ತರಿಸಿದ ಗೆರೆ ಮಾತ್ರ ಹಾವು ಹರಿದಂತಿತ್ತು.

ಜಾಗದ ಮಾತನ್ನು ಬೇಗ ಮುಗಿಸುತ್ತೇನೆ. ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದದ ಮೂಲೆಯೊಂದು ಸಿಕ್ಕರೆ ಕೈಕೆಲಸಕ್ಕೂ ಒಂದು ಡ್ರಿಲ್ಲಿಂಗ್ ಮಷೀನಿಗೂ ಸಾಕಾಗುತ್ತದೆ. ಕಬ್ಬಿಣದ ಪುಡಿ ಎಲ್ಲೆಡೆ ಹಬ್ಬುವ ವಸ್ತು. ಅದು ಅಂಗಾಲಿಗೆ ಅಂಟಿ ಹಾಸಿಗೆಯವರೆಗೂ ಹೋಗುತ್ತದೆ, ಕಂಪ್ಯೂಟರಿನ ಫ್ಯಾನಿನೊಳಕ್ಕೂ ಹೋಗುತ್ತದೆ, ಆದ್ದರಿಂದ ಮಲಗುವ ಕೋಣೆಯ ಒಂದು ಪಾಲನ್ನು ಇದಕ್ಕೆ ಬಿಟ್ಟುಕೊಡಬೇಡಿ. ಬೆಳಕು ಮಾತ್ರ ಧಾರಾಳವಾಗಿರಲಿ, ಅದರಲ್ಲಿಯೂ ಒಂದು ದೀಪ ಪಕ್ಕದಿಂದ ಓರೆಯಾಗಿ ಬೀಳುವಂತಿರಲಿ, ಏಕೆಂದರೆ ಲೋಹದ ಮೇಲೆ ಕೊರೆದ ತೆಳುಗೀರು ಓರೆ ಬೆಳಕಿನಲ್ಲಿಯೇ ಚೆನ್ನಾಗಿ ಕಾಣುವುದು. ಹಳೆಯ ಬಗೆಯ ಟ್ಯೂಬ್‌ಲೈಟುಗಳು ವಿದ್ಯುತ್ತಿನ ಲಯಕ್ಕೆ ಮಿಣುಕುವುದರಿಂದ, ಕೆಲವು ವೇಗಗಳಲ್ಲಿ ತಿರುಗುತ್ತಿರುವ ಚಕ್ (ಕತ್ತರಿಸುವ ಬಿಟ್ಟನ್ನೋ ಲೋಹದ ತುಂಡನ್ನೋ ಹಿಡಿದು ತಿರುಗುವ ಭಾಗ) ನಿಂತಂತೆ ಕಾಣುವ ಭ್ರಮೆ ಹುಟ್ಟುತ್ತದೆ. ಯಂತ್ರದ ತಲೆಯ ಮೇಲೆ ಅಂಥ ಒಂದೇ ದೀಪವಿದ್ದರೆ ಇದು ಅಪಾಯಕಾರಿ. ವಿದ್ಯುತ್ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಕರೆಂಟು ಸೋರಿದೊಡನೆ ಸಂಪರ್ಕವನ್ನು ಕಡಿಯುವ ಆರ್‌ಸಿಡಿ ಎಂಬ ರಕ್ಷಣಾ ಸ್ವಿಚ್ಚು ಇರಲಿ. ನೆಲದ ಮೇಲೆ ನಿಲ್ಲಿಸುವ ಯಂತ್ರಗಳಿಗೆ, ಕರೆಂಟು ಹೋಗಿ ಮರಳಿ ಬಂದಾಗ ತಾನಾಗಿಯೇ ಚಾಲೂ ಆಗದ ಬಗೆಯ ಸ್ವಿಚ್ಚನ್ನೇ ಹಾಕಿಸಿ. ಡ್ರಿಲ್ಲಿನ ಕೆಳಗೆ ಕೈಯಿಟ್ಟು ಕತ್ತಲಲ್ಲಿ ಏನನ್ನೋ ಹುಡುಕುತ್ತಿರುವಾಗ ಕರೆಂಟು ಬಂದರೆ ಏನಾಗಬಹುದೆಂದು ಊಹಿಸಿಕೊಂಡರೆ ಕಾರಣ ತಿಳಿಯುತ್ತದೆ.

ಇನ್ನು ಮೇಜು. ಲೋಹದ ಕೆಲಸದ ಮೇಜಿಗೆ ಅಂದಕ್ಕಿಂತ ತೂಕ ಮುಖ್ಯ. ಕನಿಷ್ಠ 50 ಮಿ.ಮೀ. ದಪ್ಪದ ಮರದ ಹಲಗೆ, ದಪ್ಪ ಕಾಲುಗಳು, ಸಾಧ್ಯವಾದರೆ ಗೋಡೆಗೆ ಬೋಲ್ಟು, ಅದಾಗದಿದ್ದರೆ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಭಾರವಾದ ಸಾಮಾನು. ಮೇಜು ಸಾಕಷ್ಟು ಗಟ್ಟಿಯಾಗಿದೆಯೇ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಸುಲಭದ್ದು. ವೈಸಿನಲ್ಲಿ ಉಕ್ಕಿನ ತುಂಡೊಂದನ್ನು ಬಿಗಿದು, ಮೇಜಿನ ಇನ್ನೊಂದು ತುದಿಯಲ್ಲಿ ತುಂಬಿದ ಲೋಟ ನೀರಿಟ್ಟು, ಪೂರ್ತಿ ಬಲ ಹಾಕಿ ಹತ್ತು ಸಲ ಅರ ಹಾಕಿ. ನೀರಿನ ಮೇಲೆ ಸಣ್ಣ ಅಲೆ ಏಳುವುದು ಸಹಜ. ತುಳುಕಿ ಕೆಳಗೆ ಚೆಲ್ಲಿದರೆ ನಿಮ್ಮ ತೋಳಿನ ಬಲದಲ್ಲಿ ಒಂದು ಪಾಲು ಲೋಹವನ್ನು ಕತ್ತರಿಸುವುದಕ್ಕೆ ಬದಲು ಮೇಜನ್ನು ಅಲ್ಲಾಡಿಸುವುದಕ್ಕೆ ಹೋಗುತ್ತಿದೆ ಎಂದು ತಿಳಿಯಿರಿ. ನನ್ನ ಮೊದಲ ಮೇಜಿನ ಮೇಲೆ ಲೋಟವೇ ನಡೆದುಕೊಂಡು ಹೋಗಿ ಅಂಚಿನಿಂದ ಬಿದ್ದಿತ್ತು.

ವೈಸಿನ ವಿಷಯದಲ್ಲಿ ಜಿಪುಣತನ ಬೇಡ. ಹವ್ಯಾಸಿಗೆ 100ರಿಂದ 125 ಮಿ.ಮೀ. ಅಗಲದ ದವಡೆ ಧಾರಾಳವಾಗಿ ಸಾಲುತ್ತದೆ. ಅದನ್ನು ಕೂರಿಸುವಾಗ ಎರಡು ವಿಚಾರ ನೋಡಬೇಕು. ಮೊದಲನೆಯದು ಎತ್ತರ: ನೀವು ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ದವಡೆಯ ಮೇಲಂಚು ಮೊಣಕೈಯ ಮಟ್ಟಕ್ಕೆ ಬರಬೇಕು, ಆಗ ಅರ ಹಾಕುವ ಮುಂಗೈ ನೆಲಕ್ಕೆ ಸಮಾನಾಂತರವಾಗಿ ಚಲಿಸುತ್ತದೆ. ವೈಸು ತಗ್ಗಿನಲ್ಲಿದ್ದರೆ ನೀವು ಮೇಲಿನಿಂದ ಒತ್ತುತ್ತೀರಿ, ಬೆನ್ನು ನೋಯುತ್ತದೆ, ಮುಖ ಓರೆಯಾಗುತ್ತದೆ. ಎರಡನೆಯದು, ಕದಲದ ಹಿಂದವಡೆ ಮೇಜಿನ ಅಂಚಿಗಿಂತ ಕೂದಲೆಳೆಯಷ್ಟಾದರೂ ಮುಂದಿರಬೇಕು. ಇಲ್ಲದಿದ್ದರೆ ಉದ್ದನೆಯ ಸರಳನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು ಬಿಗಿಯಲು ಆಗುವುದೇ ಇಲ್ಲ, ಮೇಜು ಅಡ್ಡ ಬರುತ್ತದೆ. ಬೋಲ್ಟು ಹಾಕುವ ಮೊದಲು ಒಂದು ಸರಳನ್ನು ಹಿಡಿದು ನೋಡಿಬಿಟ್ಟರೆ ಎರಡನೆಯ ಸಲ ತೂತು ಕೊರೆಯುವ ಕಷ್ಟ ತಪ್ಪುತ್ತದೆ. ಹಿಡಿಯನ್ನು ಸುತ್ತಿಗೆಯಿಂದ ಹೊಡೆದಾಗಲೀ ಕೊಳವೆ ತೂರಿಸಿ ಉದ್ದ ಮಾಡಿಯಾಗಲೀ ಬಿಗಿಯಬೇಡಿ. ಕೈಯ ಬಲಕ್ಕೆ ನಿಲ್ಲದ ಜಾಬು (ಕೆಲಸಕ್ಕೆ ಹಿಡಿದ ತುಂಡು) ಬಹುಪಾಲು ತಪ್ಪಾದ ಜಾಗದಲ್ಲಿ ಹಿಡಿದ ಜಾಬು. ಕತ್ತರಿಸುವ ಗೆರೆ ದವಡೆಗೆ ಆದಷ್ಟು ಹತ್ತಿರವಿರುವಂತೆ ಹಿಡಿದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ.

ವೈಸಿನ ಉಕ್ಕಿನ ದವಡೆಗಳಲ್ಲಿ ಅಡ್ಡಗೀರುಗಳಿರುತ್ತವೆ, ಅವು ನಿಮ್ಮ ನಯಗೊಳಿಸಿದ ಹಿತ್ತಾಳೆಯ ಮೇಲೆ ತಮ್ಮ ಗುರುತನ್ನು ಒತ್ತದೆ ಬಿಡುವುದಿಲ್ಲ. ಆದ್ದರಿಂದ ನೀವು ಮಾಡುವ ಮೊದಲ ವಸ್ತು ಆ ವೈಸಿಗೇ ಮೆದು ದವಡೆಯಾಗಲಿ. ಅಲ್ಯೂಮಿನಿಯಂ ಆಂಗಲ್ಲಿನ (L ಆಕಾರದ ಪಟ್ಟಿಯ) ಎರಡು ತುಂಡುಗಳನ್ನು ದವಡೆಯ ಅಗಲಕ್ಕೆ ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆದು, ದವಡೆಗಳ ಮೇಲೆ ಟೊಪ್ಪಿಗೆಯಂತೆ ಕೂರಿಸಿದರೆ ಕೆಲಸ ಮುಗಿಯಿತು. ಅಳೆಯುವುದು, ಗೀರು ಹಾಕುವುದು, ಲೋಹ ಕತ್ತರಿಸುವ ಹ್ಯಾಕ್ಸಾ ಗರಗಸ ಹಿಡಿಯುವುದು, ಅರ ಹಾಕುವುದು ಎಲ್ಲವೂ ಈ ಪುಟ್ಟ ಕೆಲಸದಲ್ಲಿ ಬಂದುಹೋಗುತ್ತವೆ, ತಪ್ಪಾದರೆ ನಷ್ಟವೂ ಹೆಚ್ಚಿಲ್ಲ.

ಹ್ಯಾಕ್ಸಾ ಬಗ್ಗೆ ಮೂರು ಮಾತು. ಬ್ಲೇಡಿನ ಹಲ್ಲುಗಳು ಮುಂದಕ್ಕೆ ಮುಖ ಮಾಡಿರಬೇಕು, ಏಕೆಂದರೆ ಅದು ಕತ್ತರಿಸುವುದು ಮುಂದೆ ತಳ್ಳುವಾಗ. ಹಲ್ಲಿನ ಎಣಿಕೆಯನ್ನು ಇಂಚಿಗೆ 18, 24, 32 ಎಂದು ಬ್ಲೇಡಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲಿರುವಂತೆ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ತೆಳು ತಗಡಿನ ಅಂಚು ಎರಡು ಹಲ್ಲುಗಳ ನಡುವೆ ಸಿಕ್ಕಿ ಹಲ್ಲೇ ಉದುರುತ್ತದೆ. ಕತ್ತರಿಸುವ ನಡುವೆ ಬ್ಲೇಡು ಮುರಿದರೆ ಹೊಸ ಬ್ಲೇಡನ್ನು ಹಳೆಯ ಸೀಳಿನಲ್ಲಿಯೇ ಇಳಿಸಬೇಡಿ. ಸವೆದ ಬ್ಲೇಡು ಕೊರೆದ ಸೀಳು ಕಿರಿದಾಗಿರುತ್ತದೆ, ಹೊಸದು ಅದರಲ್ಲಿ ಸಿಕ್ಕಿಕೊಂಡು ಮತ್ತೆ ಮುರಿಯುತ್ತದೆ. ಜಾಬನ್ನು ತಿರುಗಿಸಿ ಎದುರು ಬದಿಯಿಂದ ಆರಂಭಿಸಬೇಕು.

ಈಗ ಅರಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಾರ್ಖಾನೆಯವರು ಫೈಲ್ ಎಂದು ಕರೆಯುವ ಈ ಸಾಧನವನ್ನು ಹೊಸಬರು ತಾತ್ಸಾರದಿಂದ ನೋಡುತ್ತಾರೆ, ಆದರೆ ಸಣ್ಣ ಕೋಣೆಯಲ್ಲಿ ಇದರಷ್ಟು ನಿಖರವಾದ ಕತ್ತರಿಸುವ ಸಾಧನ ಇನ್ನೊಂದು ಸಿಗುವುದು ಕಷ್ಟ. 250 ಮಿ.ಮೀ. ಉದ್ದದ ಚಪ್ಪಟೆ ಅರಗಳು ಒರಟು, ಮಧ್ಯಮ, ನಯ ಎಂದು ಮೂರು, ಒಂದು ಅರೆದುಂಡು, ಒಂದು ಸಣ್ಣ ಮುಮ್ಮೂಲೆ, ಇಷ್ಟಿದ್ದರೆ ವರ್ಷಗಟ್ಟಲೆ ನಡೆಯುತ್ತದೆ. ಅರದ ಬಾಲಕ್ಕೆ ಮರದ ಹಿಡಿ ಹಾಕದೆ ಎಂದೂ ಬಳಸಬೇಡಿ. ಅರ ಎಲ್ಲಿಯಾದರೂ ಥಟ್ಟನೆ ತಡೆದು ನಿಂತರೆ ಆ ಚೂಪು ಬಾಲ ಅಂಗೈಗೆ ಇಳಿಯುತ್ತದೆ.

ನನ್ನ ಮೊದಲ ಘನದ ಬೆನ್ನು ಉಬ್ಬಿದ್ದು ಏಕೆ? ಅರವನ್ನು ಜಾಬಿನ ಮೇಲಿಟ್ಟಾಗ ಅದು ಮಕ್ಕಳಾಡುವ ಏರುಪೇರು ಹಲಗೆಯಂತಾಗುತ್ತದೆ, ಜಾಬು ಅದರ ನಡುವಿನ ಆಧಾರ. ತಳ್ಳಲು ತೊಡಗಿದಾಗ ಅರದ ಹೆಚ್ಚಿನ ಭಾಗ ನಿಮ್ಮ ಕಡೆಗಿರುತ್ತದೆ, ಆದ್ದರಿಂದ ತುದಿಯನ್ನು ಹಿಡಿದ ಎಡಗೈ ಹೆಚ್ಚು ಒತ್ತಬೇಕು. ನಡುವಿಗೆ ಬಂದಾಗ ಎರಡೂ ಕೈಗಳ ಒತ್ತಡ ಸಮನಾಗಬೇಕು. ಕೊನೆಗೆ ಬಂದಾಗ ಎಡಗೈಯ ಒತ್ತಡ ಕರಗಿ ಬಲಗೈಯ ಒತ್ತಡ ಏರಬೇಕು. ಎರಡೂ ಕೈಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಬಲದಲ್ಲಿ ಒತ್ತಿದರೆ ಅರ ಮೊದಲು ಹಿಂದಕ್ಕೂ ಕೊನೆಗೆ ಮುಂದಕ್ಕೂ ವಾಲಿ, ಎರಡೂ ಅಂಚುಗಳನ್ನು ಹೆಚ್ಚು ತಿಂದುಹಾಕುತ್ತದೆ. ಮೇಜು ಅಲುಗುತ್ತಿದ್ದರೆ ಈ ಒತ್ತಡದ ಅದಲುಬದಲು ಕೈಗೆ ತಿಳಿಯುವುದೇ ಇಲ್ಲ, ಆದ್ದರಿಂದಲೇ ನಾನು ಮೇಜಿನ ಬಗ್ಗೆ ಅಷ್ಟು ಹೇಳಿದ್ದು. ಕಾಲುಗಳನ್ನು ಅಗಲಿಸಿ, ಎಡಗಾಲು ಮುಂದಿಟ್ಟು, ತೋಳಿಗಿಂತ ಹೆಚ್ಚಾಗಿ ಇಡೀ ಮೈಯನ್ನು ಮುಂದಕ್ಕೆ ಬಾಗಿಸಿ ತಳ್ಳಬೇಕು. ಹಿಂದಕ್ಕೆ ತರುವಾಗ ಒತ್ತಡ ಬಿಡಬೇಕು, ಏಕೆಂದರೆ ಅರವೂ ಹ್ಯಾಕ್ಸಾದಂತೆ ಮುಂದಕ್ಕೆ ಹೋಗುವಾಗಲೇ ಕತ್ತರಿಸುತ್ತದೆ.

ಕೈ ಸರಿಯಾಗಿ ಬಂದದ್ದು ಕಿವಿಗೂ ತಿಳಿಯುತ್ತದೆ. ಚೆನ್ನಾಗಿ ಕತ್ತರಿಸುವ ಅರ ಮಂದ್ರದಲ್ಲಿ ಒಂದೇ ಸಮನೆ ಉಸುರುತ್ತದೆ, ಜಾಬು ಸಡಿಲವಿದ್ದರೆ ಅಥವಾ ದವಡೆಯಿಂದ ತೀರ ಮೇಲೆ ಚಾಚಿದ್ದರೆ ಕೀರಲು ದನಿ ಹೊರಡುತ್ತದೆ. ಆ ದನಿ ಕೇಳಿದೊಡನೆ ನಿಲ್ಲಿಸಿ ಜಾಬನ್ನು ತಗ್ಗಿಸಿ ಬಿಗಿಯಿರಿ. ನಯದ ಅರ ಬಳಸುವ ಮೊದಲು ಅದರ ಹಲ್ಲುಗಳಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಲೋಹದ ಚೂರುಗಳು ಹಲ್ಲಿನ ಸಂದಿಗೆ ಕಚ್ಚಿಕೊಳ್ಳುವುದಿಲ್ಲ. ಕಚ್ಚಿಕೊಂಡ ಒಂದೇ ಒಂದು ಚೂರು ಹೆಚ್ಚುಕಡಿಮೆ ಮುಗಿದ ಮುಖದ ಮೇಲೆ ಉದ್ದಕ್ಕೂ ಆಳವಾದ ಗಾಯ ಮಾಡಬಲ್ಲದು. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸಿ, ಅದರ ಚೂಪು ಕೊಂಚ ಕಡಿಮೆಯಾದ ಮೇಲೆ ಉಕ್ಕಿಗೆ ಇಳಿಸುವುದು ಒಳ್ಳೆಯ ರೂಢಿ, ಏಕೆಂದರೆ ಮೊಂಡಾದ ಅರ ಉಕ್ಕನ್ನು ಕಚ್ಚಿದರೂ ಹಿತ್ತಾಳೆಯ ಮೇಲೆ ಜಾರುತ್ತದೆ. ಕಾಯಿಸಿ ಉರುಳಿಸಿದ ಉಕ್ಕಿನ ಮೈಮೇಲಿರುವ ಕಪ್ಪು ಪದರ ಒಳಗಿನ ಉಕ್ಕಿಗಿಂತ ಬಹಳ ಗಡಸು. ಅದನ್ನು ಹಳೆಯ ಅರದಿಂದ ಕೆರೆದೋ ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿಯೋ ತೆಗೆದು ಆಮೇಲೆ ಒಳ್ಳೆಯ ಅರವನ್ನು ಮುಟ್ಟಿ.

ಅಳತೆಯ ಸಾಧನಗಳಲ್ಲಿ ಉಕ್ಕಿನ ಅಡಿಪಟ್ಟಿ, ಲಂಬಕೋನ ನೋಡುವ ಟ್ರೈ ಸ್ಕ್ವೇರ್, 150 ಮಿ.ಮೀ. ವರ್ನಿಯರ್ ಕ್ಯಾಲಿಪರ್, ಗೀರು ಹಾಕುವ ಸ್ಕ್ರೈಬರ್, ರಂಧ್ರದ ಜಾಗಕ್ಕೆ ಗುಳಿ ಹಾಕುವ ಸೆಂಟರ್ ಪಂಚ್ ಇಷ್ಟು ಮೊದಲ ದಿನದಿಂದಲೇ ಬೇಕು. ಮೈಕ್ರೋಮೀಟರಿಗೆ ಆತುರವಿಲ್ಲ. ಸ್ಕ್ವೇರನ್ನು ಬೆಳಕಿಗೆ ಹಿಡಿದು ನೋಡುವ ವಿಧಾನವನ್ನು ಕಡೆಗಣಿಸಬೇಡಿ, 0.01 ಮಿ.ಮೀ.ನಷ್ಟು ಸಂದಿನಲ್ಲಿಯೂ ಬೆಳಕು ಕಣ್ಣಿಗೆ ಕಾಣುತ್ತದೆ. ಅಳೆಯುವಾಗ ಶಾಖವನ್ನು ಮರೆಯಬಾರದು. ಒಂದು ಮೀಟರ್ ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ, ಅರ ಹಾಕಿ ಹಾಕಿ 30 ಡಿಗ್ರಿ ಬಿಸಿಯೇರಿದ 100 ಮಿ.ಮೀ. ತುಂಡು ಸುಮಾರು 0.07 ಮಿ.ಮೀ. ಉದ್ದವಾಗಿರುತ್ತದೆ. ಆಗ ಅಳೆದು ಸರಿಯೆಂದು ನಿಲ್ಲಿಸಿದರೆ ತಣಿದ ಮೇಲೆ ಗಿಡ್ಡವಾಗುತ್ತದೆ. ಎಂಜಿನಿಯರಿಂಗ್ ಅಳತೆಗಳಿಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಎಂಬ ಒಂದು ಉಷ್ಣತೆಯನ್ನು ಗೊತ್ತುಮಾಡಿಕೊಂಡಿರುವುದು ಈ ಕಾರಣಕ್ಕೇ.

ಇಲ್ಲಿ ಸ್ವಲ್ಪ ದಾರಿ ತಪ್ಪಲು ಅನುಮತಿ ಕೊಡಿ. ಚಪ್ಪಟೆ ಎಂಬುದು ಮೊತ್ತಮೊದಲು ಎಲ್ಲಿಂದ ಬಂತು? ಯಾವ ಚಪ್ಪಟೆ ಮುಖವೂ ಇಲ್ಲದ ಲೋಕದಲ್ಲಿ ಒಂದನ್ನು ಹುಟ್ಟಿಸುವುದು ಹೇಗೆ? ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ವಿವರಿಸಿದ ವಿಧಾನ ಇದಕ್ಕೆ ಉತ್ತರ. ಎರಡು ಲೋಹದ ಫಲಕಗಳನ್ನು ಪರಸ್ಪರ ಒತ್ತಿ, ತಾಗುವ ಕಡೆ ಕೆರೆಯುತ್ತ ಹೋದರೆ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಆದರೆ ಒಂದು ಉಬ್ಬಿಯೂ ಇನ್ನೊಂದು ತಗ್ಗಾಗಿಯೂ ಹೊಂದಿಕೊಳ್ಳಬಹುದು. ಮೂರನೆಯ ಫಲಕವೊಂದನ್ನು ತಂದು, ಮೂರನ್ನೂ ಜೋಡಿ ಬದಲಿಸುತ್ತ ಕೆರೆದರೆ ಈ ಮೋಸ ನಡೆಯುವುದಿಲ್ಲ. ಉಬ್ಬಿದ ಎರಡು ಫಲಕಗಳು ಒಂದಕ್ಕೊಂದು ಕೂರಲಾರವು, ಮೂರೂ ಚಪ್ಪಟೆಯಾದಾಗ ಮಾತ್ರ ಎಲ್ಲ ಜೋಡಿಗಳೂ ಕೂರುತ್ತವೆ. ಯಂತ್ರದ ಹಂಗಿಲ್ಲದೆ ಕೈಯಿಂದಲೇ ಸಿಗುವ ನಿಖರತೆ ಇದು. ಮಷೀನಿಲ್ಲದೆ ಒಳ್ಳೆಯ ಕೆಲಸ ಸಾಧ್ಯವಿಲ್ಲ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಅದೇ ವಿಟ್‌ವರ್ತ್ 1841ರಲ್ಲಿ ಸ್ಕ್ರೂಗಳ ಥ್ರೆಡ್ಡಿಗೆ, ಅಂದರೆ ಮೈಮೇಲಿನ ಸುರುಳಿ ಗೀರಿಗೆ, 55 ಡಿಗ್ರಿ ಕೋನದ ಒಂದು ಸಮಾನ ಅಳತೆಯನ್ನು ಮುಂದಿಟ್ಟರು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುವ ಭರವಸೆಯೇ ಇರಲಿಲ್ಲ.

ಇಂದು ನಾವು ಬಳಸುವ ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ, ಅದರ ಲೆಕ್ಕ ಸರಳ. ರಂಧ್ರದೊಳಗೆ ಥ್ರೆಡ್ಡು ಕೊರೆಯುವ ಟ್ಯಾಪ್ ಹಾಕುವ ಮೊದಲು ಕೊರೆಯಬೇಕಾದ ರಂಧ್ರದ ವ್ಯಾಸ ಎಂದರೆ ಬೋಲ್ಟಿನ ವ್ಯಾಸದಿಂದ ಪಿಚ್ಚನ್ನು, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ದೂರವನ್ನು, ಕಳೆದದ್ದು. ಎಂ6, ಅಂದರೆ 6 ಮಿ.ಮೀ. ವ್ಯಾಸದ ಬೋಲ್ಟಿನ ಪಿಚ್ಚು 1 ಮಿ.ಮೀ., ರಂಧ್ರ 5. ಎಂ5ರ ಪಿಚ್ಚು 0.8, ರಂಧ್ರ 4.2, ಎಂ8ರ ಪಿಚ್ಚು 1.25, ರಂಧ್ರ ಸುಮಾರು 6.8. ಟ್ಯಾಪನ್ನು ಮುಂದಕ್ಕೆ ಅರ್ಧ ಸುತ್ತು ತಿರುಗಿಸಿ, ಚೂರು ಮುರಿಯುವಂತೆ ಹಿಂದಕ್ಕೆ ಒಂದಿಷ್ಟು ತಿರುಗಿಸುತ್ತ, ಎಣ್ಣೆ ಹಾಕುತ್ತ ಹೋಗಬೇಕು. ಮುರಿದು ಒಳಗೇ ಉಳಿದ ಟ್ಯಾಪನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಲಾಗದು, ಏಕೆಂದರೆ ಅದೂ ಡ್ರಿಲ್ ಬಿಟ್ಟಿನಷ್ಟೇ ಗಡಸು.

ರಂಧ್ರ ಕೊರೆಯುವ ವಿಷಯಕ್ಕೆ ಬಂದಾಗ ನನ್ನ ಎಡಗೈಯ ಹೆಬ್ಬೆರಳ ಬುಡದಲ್ಲಿರುವ ಕಲೆಯನ್ನು ತೋರಿಸುವುದು ನನ್ನ ಪದ್ಧತಿ. ಹಿತ್ತಾಳೆಯ ತೆಳು ತಗಡಿಗೆ 8 ಮಿ.ಮೀ. ರಂಧ್ರ ಹಾಕುತ್ತಿದ್ದೆ, ಒಂದೇ ಒಂದು ರಂಧ್ರವಲ್ಲವೇ ಎಂದು ಕೈಯಲ್ಲಿಯೇ ಹಿಡಿದುಕೊಂಡೆ. ಡ್ರಿಲ್ ಬಿಟ್ಟು ಇನ್ನೇನು ಆಚೆ ಬದಿಗೆ ಬಂತು ಎನ್ನುವಾಗ ತಗಡನ್ನು ಕಚ್ಚಿ ಮೇಲಕ್ಕೆ ಎಳೆದುಕೊಂಡಿತು, ತಗಡು ಫ್ಯಾನಿನ ರೆಕ್ಕೆಯಂತೆ ತಿರುಗಿತು. ನಾಲ್ಕು ಹೊಲಿಗೆ ಬಿದ್ದವು. ಆಗ ನಡೆದದ್ದು ಇಷ್ಟು. ಬಿಟ್ಟಿನ ತುದಿ ಲೋಹದೊಳಗಿರುವವರೆಗೆ ಅದನ್ನು ತಡೆಯುವ ಒತ್ತಡವಿರುತ್ತದೆ. ತುದಿ ಆಚೆಗೆ ಬಂದೊಡನೆ ಆ ತಡೆ ಇಲ್ಲವಾಗಿ, ಸುರುಳಿಯ ಅಂಚುಗಳು ಉಳಿದ ತೆಳು ಲೋಹವನ್ನು ಸ್ಕ್ರೂವಿನಂತೆ ಹತ್ತಿಬಿಡುತ್ತವೆ. ಹಿತ್ತಾಳೆಯಲ್ಲಿ ಇದು ಇನ್ನೂ ಹೆಚ್ಚು, ಆದ್ದರಿಂದ ಬಲ್ಲವರು ಹಿತ್ತಾಳೆಗೆಂದೇ ಒಂದು ಜೊತೆ ಬಿಟ್ಟುಗಳ ಕತ್ತರಿಸುವ ಅಂಚಿನ ಚೂಪನ್ನು ಕಲ್ಲಿನಿಂದ ಸ್ವಲ್ಪ ಚಪ್ಪಟೆಯಾಗಿಸಿ ಇಟ್ಟುಕೊಳ್ಳುತ್ತಾರೆ. ಜಾಬನ್ನು ಮಷೀನ್ ವೈಸಿನಲ್ಲಿ ಹಿಡಿದು ಆ ವೈಸನ್ನು ಟೇಬಲ್ಲಿಗೆ ಬೋಲ್ಟು ಮಾಡಿ. ತಗಡಾದರೆ ಮರದ ಹಲಗೆಯ ಮೇಲಿಟ್ಟು ಕ್ಲ್ಯಾಂಪ್ ಹಾಕಿ. ತಿರುಗುವ ಯಂತ್ರದ ಮುಂದೆ ಕೈಗವಸು, ಉದ್ದ ತೋಳು, ಬಿಟ್ಟ ಕೂದಲು, ಉಂಗುರ ಯಾವುದೂ ಇರಬಾರದು. ಕೈಗವಸು ಕೈಯನ್ನು ಕಾಯುವುದಕ್ಕೆ ಬದಲು ಕೈಯನ್ನೇ ಒಳಕ್ಕೆ ಎಳೆದುಕೊಡುತ್ತದೆ.

ವೇಗದ ಲೆಕ್ಕವೂ ನೆನಪಿಟ್ಟುಕೊಳ್ಳುವಷ್ಟು ಸುಲಭ. ಮೈಲ್ಡ್ ಸ್ಟೀಲಿಗೆ, ಅಂದರೆ ಇಂಗಾಲ ಕಡಿಮೆಯಿರುವ ಮೆದು ಉಕ್ಕಿಗೆ, ಹೈಸ್ಪೀಡ್ ಸ್ಟೀಲ್ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ವೇಗದಲ್ಲಿ ಓಡಬೇಕು ಎಂದಿಟ್ಟುಕೊಂಡರೆ, 8000ವನ್ನು ಬಿಟ್ಟಿನ ಮಿ.ಮೀ. ವ್ಯಾಸದಿಂದ ಭಾಗಿಸಿದಾಗ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 10 ಮಿ.ಮೀ.ಗೆ 800, 5ಕ್ಕೆ 1600. ಸ್ಟೇನ್‌ಲೆಸ್ ಸ್ಟೀಲಿಗೆ ಇದರ ಅರ್ಧ, ಅಲ್ಯೂಮಿನಿಯಂಗೆ ಎರಡರಷ್ಟು ಅಥವಾ ಇನ್ನೂ ಹೆಚ್ಚು. ಸ್ಟೇನ್‌ಲೆಸ್ಸಿನಲ್ಲಿ ಒತ್ತಡ ಸಡಿಲಿಸಿ ಬಿಟ್ಟನ್ನು ಸುಮ್ಮನೆ ಉಜ್ಜಲು ಬಿಟ್ಟರೆ ಆ ಜಾಗದ ಲೋಹವೇ ಗಡಸಾಗಿ ಆಮೇಲೆ ಏನು ಮಾಡಿದರೂ ಕೊರೆಯುವುದಿಲ್ಲ. ನಿಧಾನ ಸುತ್ತು, ಬಿಡದ ಒತ್ತಡ, ಎಣ್ಣೆ, ಇವು ಮೂರೇ ಅಲ್ಲಿನ ಉಪಾಯ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೆಯದು, ಬೀಡು ಕಬ್ಬಿಣಕ್ಕೂ ಹಿತ್ತಾಳೆಗೂ ಏನೂ ಬೇಡ.

ಆಂಗಲ್ ಗ್ರೈಂಡರ್ ಬೇಡವೆಂದು ನಾನು ಹೇಳುವುದಿಲ್ಲ. ಮೊದಲ ವಾರದಲ್ಲಿ ಬೇಡ ಎನ್ನುತ್ತೇನೆ. 125 ಮಿ.ಮೀ. ಡಿಸ್ಕು ನಿಮಿಷಕ್ಕೆ 12,200 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 80 ಮೀಟರ್ ಓಡುತ್ತದೆ, ಗಂಟೆಯ ಲೆಕ್ಕದಲ್ಲಿ 288 ಕಿಲೋಮೀಟರ್. ಒಡೆದರೆ ಚೂರುಗಳು ಹೊರಡುವುದು ಅದೇ ವೇಗದಲ್ಲಿ. ಗಾರ್ಡ್ ತೆಗೆದು ದೊಡ್ಡ ಡಿಸ್ಕು ತೂರಿಸುವವರನ್ನು ನೀವು ಕಂಡಿರಬಹುದು. ದೊಡ್ಡ ಡಿಸ್ಕಿಗೆ ನಿಗದಿಯಾದ ಸುತ್ತುಗಳು ಕಡಿಮೆ, ಸಣ್ಣ ಗ್ರೈಂಡರಿನ ವೇಗವನ್ನು ಅದು ತಾಳಲಾರದು. ಕತ್ತರಿಸುವ ತೆಳು ಡಿಸ್ಕಿನ ಬದಿಯಿಂದ ಉಜ್ಜುವುದೂ ಅಷ್ಟೇ ಅಪಾಯ. ಕಣ್ಣಿಗೆ ಮುಚ್ಚಿದ ಕನ್ನಡಕ, ಅದರ ಮೇಲೆ ಮುಖಕವಚ, ಕಿವಿಗೆ ರಕ್ಷಣೆ ಇಲ್ಲದೆ ಗುಂಡಿ ಒತ್ತಬೇಡಿ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಇಟ್ಟುಕೊಂಡರೆ, ಪ್ರತಿ ಮೂರು ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗುತ್ತ 100 ಡೆಸಿಬಲ್ಲಿಗೆ ಹದಿನೈದು ನಿಮಿಷ ಮಾತ್ರ ಉಳಿಯುತ್ತದೆ, ಗ್ರೈಂಡರಿನ ಸದ್ದು ಆ ಮಟ್ಟಕ್ಕೆ ಸುಲಭವಾಗಿ ಏರುತ್ತದೆ. ಕಿಡಿಗಳು ಹತ್ತು ಮೀಟರ್ ದೂರದವರೆಗೂ ಹಾರಿ ಕಸದಲ್ಲಿ, ಬಟ್ಟೆಯಲ್ಲಿ ಹೊಗೆಯಿಲ್ಲದೆ ಕೂತಿರಬಲ್ಲವು. ಆದ್ದರಿಂದ ಕೆಲಸ ಮುಗಿದ ತಕ್ಷಣ ಬಾಗಿಲು ಹಾಕಿ ಮಲಗಲು ಹೋಗದೆ, ಕನಿಷ್ಠ ಅರ್ಧ ಗಂಟೆ ಅಲ್ಲಿಯೇ ಗುಡಿಸುತ್ತ, ಒರೆಸುತ್ತ ಇರಿ. ಅಲ್ಯೂಮಿನಿಯಂ ಪುಡಿಯೂ ತುಕ್ಕಿನ ಪುಡಿಯೂ ಒಂದೇ ಕಡೆ ಗುಡ್ಡೆಯಾಗಲು ಬಿಡಬೇಡಿ. ರೈಲು ಹಳಿಗಳನ್ನು ಬೆಸೆಯಲು ಬಳಸುವ ಥರ್ಮೈಟ್ ಮಿಶ್ರಣ ಎಂದರೆ ಮೂಲತಃ ಅದೇ.

ವೆಲ್ಡಿಂಗ್ ಬೇರೊಂದು ಉಪನ್ಯಾಸಕ್ಕೆ ತಕ್ಕ ವಿಷಯ. ಇಲ್ಲಿ ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಸತು ಲೇಪವಿರುವ ಕೊಳವೆ, ತಗಡುಗಳನ್ನು ಲೇಪ ತೆಗೆಯದೆ ಬೆಸೆಯಬೇಡಿ: ಸತು 907 ಡಿಗ್ರಿಗೆ ಕುದಿಯುತ್ತದೆ, ಉಕ್ಕು ಕರಗುವುದು 1500ರ ಆಸುಪಾಸಿನಲ್ಲಿ, ಆದ್ದರಿಂದ ಉಕ್ಕು ಕರಗುವ ಹೊತ್ತಿಗೆ ಸತುವೆಲ್ಲ ಬಿಳಿ ಹೊಗೆಯಾಗಿ ನಿಮ್ಮ ಶ್ವಾಸಕೋಶ ಸೇರಿರುತ್ತದೆ, ಕೆಲವು ಗಂಟೆಗಳ ಮೇಲೆ ಚಳಿಜ್ವರ ಹಿಡಿಯುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನಂತೂ ಎಂದಿಗೂ ಬೆಸೆಯಬೇಡಿ, ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಎಂಥ ಲೋಹದಿಂದ ಆರಂಭಿಸಬೇಕು? ಗುಜರಿಯಿಂದ ಸಿಕ್ಕಿದ್ದನ್ನು ತರುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ಆದರೆ ಕಲಿಯುವ ಕಾಲದಲ್ಲಿ ಅದು ಒಳ್ಳೆಯದಲ್ಲ, ಏಕೆಂದರೆ ಬ್ಲೇಡು ಜಾರಿದಾಗ ತಪ್ಪು ನಿಮ್ಮ ಕೈಯದೋ ಗಡಸು ಮಾಡಿದ ಸ್ಪ್ರಿಂಗಿನದೋ ತಿಳಿಯುವುದಿಲ್ಲ. ಮೈಲ್ಡ್ ಸ್ಟೀಲಿನ ಬ್ರೈಟ್ ಬಾರನ್ನು ತನ್ನಿ, ಅದರ ಮೈ ನಯವಾಗಿ, ಅಳತೆ ನಿಖರವಾಗಿರುತ್ತದೆ. ಒಂದು ಎಚ್ಚರಿಕೆ ಇದೆ. ತಣ್ಣಗೆ ಎಳೆದು ಮಾಡಿದ ಈ ಸರಳಿನ ಮೈಯಲ್ಲಿ ಬಿಗಿತ ಅಡಗಿರುತ್ತದೆ, ಒಂದೇ ಬದಿಯಿಂದ ಹೆಚ್ಚು ಲೋಹ ತೆಗೆದರೆ ಸರಳು ಬಿಲ್ಲಿನಂತೆ ಬಾಗುತ್ತದೆ.

ಮೆದು ದವಡೆಯಾದ ಮೇಲೆ ನಾನು ಸೂಚಿಸುವ ಎರಡನೆಯ ಕೆಲಸ ಸ್ಕ್ರೈಬರ್. ಸಿಲ್ವರ್ ಸ್ಟೀಲ್ ಎಂದು ಕರೆಯುವ, ಹೆಚ್ಚು ಇಂಗಾಲದ 6 ಮಿ.ಮೀ. ಸರಳಿನ ತುದಿಯನ್ನು ಅರದಿಂದ ಚೂಪು ಮಾಡಿ, ಮಬ್ಬು ಬೆಳಕಿನಲ್ಲಿ ಉರಿ ಕಾರುವ ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ, ಕಣ್ಣಿನ ಅಂದಾಜಿಗಿಂತ ಅದೇ ಒಳ್ಳೆಯ ಗುರುತು. ಅದಕ್ಕಿಂತ ಒಂದಿಷ್ಟೇ ಹೆಚ್ಚು ಕಾಯಿಸಿ ನೀರಿಗೆ ನೆಟ್ಟಗೆ ಅದ್ದಿದರೆ ತುದಿ ಗಾಜಿನಂತೆ ಗಡಸೂ ಪೆಡಸೂ ಆಗುತ್ತದೆ. ಈಗ ಅರ ಹಾಕಿದರೆ ಕಚ್ಚದೆ ಜಾರುತ್ತದೆ. ಮೈಯನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ತುದಿಯಿಂದ ಸ್ವಲ್ಪ ಹಿಂದೆ ಮೆಲ್ಲಗೆ ಕಾಯಿಸುತ್ತ ಬಂದರೆ ಬಣ್ಣಗಳು ತುದಿಯತ್ತ ಹರಿಯುವುದು ಕಾಣುತ್ತದೆ. ಒಣಹುಲ್ಲಿನ ತಿಳಿ ಹಳದಿ, ಅಂದರೆ ಸುಮಾರು 220 ಡಿಗ್ರಿ, ತುದಿಯನ್ನು ಮುಟ್ಟಿದ ಕ್ಷಣದಲ್ಲಿ ಮತ್ತೆ ನೀರಿಗೆ. ನೀಲಿ ಬಂದರೆ ಹೊತ್ತು ಮೀರಿತು, ಸ್ಕ್ರೈಬರಿಗೆ ಬೇಕಾದ ಗಡಸು ಹೋಯಿತು. ಮೊದಲ ಸಲ ಆ ಬಣ್ಣ ಓಡುವ ವೇಗಕ್ಕೆ ಬೆರಗಾಗಿ ನೋಡುತ್ತ ನಿಂತು ನಾನು ಅದ್ದುವುದನ್ನೇ ಮರೆತೆ.

ಪ್ರಶ್ನೆಗಳಿಗೆ ಬರುತ್ತೇನೆ. ತುಕ್ಕಿನಿಂದ ಸಾಧನಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಒಬ್ಬರು ಕೇಳಿದರು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 60ನ್ನು ದಾಟಿದ ಮೇಲೆ ತುಕ್ಕು ಚುರುಕಾಗುತ್ತದೆ, ಬೆವರಿನ ಉಪ್ಪು ಅದಕ್ಕೆ ಇನ್ನಷ್ಟು ನೆರವಾಗುತ್ತದೆ. ಸ್ಕ್ವೇರಿನ ಮೇಲೆ ಬೆರಳಚ್ಚಿನ ಆಕಾರದಲ್ಲಿಯೇ ತುಕ್ಕು ಮೂಡಿದ್ದನ್ನು ನಾನು ಕಂಡಿದ್ದೇನೆ. ಕೆಲಸ ಮುಗಿದೊಡನೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಿ. ಅರಗಳಿಗೆ ಮಾತ್ರ ಎಣ್ಣೆ ಬೇಡ, ಜಾರುತ್ತವೆ. ಅವನ್ನು ಒಂದರ ಮೇಲೊಂದು ರಾಶಿ ಹಾಕದೆ ಒಣ ಜಾಗದಲ್ಲಿ ಬೇರೆಬೇರೆಯಾಗಿ ತೂಗುಹಾಕಿ, ಏಕೆಂದರೆ ಒಂದಕ್ಕೊಂದು ತಾಗಿದರೆ ಪರಸ್ಪರ ಹಲ್ಲನ್ನು ತಾವೇ ಮುರಿದುಕೊಳ್ಳುತ್ತವೆ.

ಇನ್ನೊಬ್ಬರು ಕೇಳಿದ್ದು, ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತ್, ಬಳಸಿದ ಹಳೆಯದು ಸಿಕ್ಕರೆ ಕೊಳ್ಳಬಹುದೇ ಎಂದು. ಇಷ್ಟೆಲ್ಲ ಕೇಳಿದ ಮೇಲೂ ಆಸೆ ಉಳಿದಿದ್ದರೆ ಖಂಡಿತ ಕೊಳ್ಳಿ, ಆದರೆ ಬಣ್ಣಕ್ಕೆ ಮರುಳಾಗದೆ ಪರೀಕ್ಷಿಸಿ. ಚಕ್ಕನ್ನು ಗಟ್ಟಿಯಾಗಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕಟಕಟ ಎಂದರೆ ಬೇರಿಂಗ್ ಸವೆದಿದೆ. ಆಮೇಲೆ ಕ್ಯಾರೇಜನ್ನು, ಅಂದರೆ ಕತ್ತರಿಸುವ ಉಳಿಯನ್ನು ಹೊತ್ತು ಹಾಸಿನ ಮೇಲೆ ಜಾರುವ ಭಾಗವನ್ನು, ಚಕ್ಕಿನ ಹತ್ತಿರ ತಂದು, ಅಲ್ಲಿ ಸಡಿಲವಿಲ್ಲದೆ ನಯವಾಗಿ ಜಾರುವಷ್ಟು ಬಿಗಿ ಮಾಡಿ, ಮೆಲ್ಲಗೆ ಇನ್ನೊಂದು ತುದಿಗೆ ಒಯ್ಯಿರಿ. ಹಾಸು ಹೆಚ್ಚು ಸವೆಯುವುದು ಯಾವಾಗಲೂ ಕೆಲಸ ನಡೆಯುವ ಚಕ್ಕಿನ ಬದಿಯಲ್ಲಿ. ಆದ್ದರಿಂದ ಹಾಸು ಸವೆದ ಲೇತ್ ಆದರೆ ಕ್ಯಾರೇಜು ದೂರದ ತುದಿಗೆ ಹೋಗುತ್ತ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಕೊನೆಯವರೆಗೆ ಒಂದೇ ಸಮನೆ ಜಾರಿದರೆ ಮಾತು ಮುಂದುವರಿಸಬಹುದು. ಮತ್ತು ಮುಂಗಡ ಕೊಡುವ ಮೊದಲು ನಿಮ್ಮ ಕೋಣೆಯ ಬಾಗಿಲಿನ ಅಗಲವನ್ನು ಅಳೆದುಕೊಂಡು ಹೋಗಿ. ನಾನು ಅಳೆಯದೆ ತಂದು, ಬಾಗಿಲ ಚೌಕಟ್ಟನ್ನೇ ಕಳಚಿಸಬೇಕಾಯಿತು.